ಕಲ್ಲು ನೋಡೋಕೆ ಒಂದಿಡೀ ದಿನ ಬೇಕಾ?

ಮಾನ್ಯ ಸಂಪಾದಕರೇ,

ನಾನು ವಿಜ್ಞಾನ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿದ್ದೇನೆ. ಹೋದ ತಿಂಗಳು ನಮ್ಮ ತಂಡವನ್ನು ಒಂದು ದಿನದ ಭೂವಿಜ್ಞಾನ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ವಾಪಸ್ ಬಂದು ಕಾಲಿನ ಧೂಳು ಕೊಡವಿಕೊಳ್ಳುವಷ್ಟರಲ್ಲೇ ಸುದ್ದಿ ಬಂತು. ಮುಂದಿನ ತಂಡಕ್ಕೆ ಈ ಪ್ರವಾಸ ಇರುವುದಿಲ್ಲವಂತೆ, ಅದೇ ವಿಷಯವನ್ನು ತರಗತಿಯಲ್ಲಿ ಸ್ಲೈಡ್ ಹಾಕಿ ಮುಗಿಸುತ್ತಾರಂತೆ. ಯಾಕೆ ಅಂತ ಕೇಳಿದ್ದಕ್ಕೆ ಸಿಕ್ಕ ಉತ್ತರ: "ಕಲ್ಲು ನೋಡೋಕೆ ಒಂದಿಡೀ ದಿನ ಬೇಕೇನಮ್ಮಾ?"

ಬೇಕು. ಯಾಕೆ ಬೇಕು ಅಂತ ಹೇಳುವುದಕ್ಕೇ ಈ ಪತ್ರ. ಉದ್ದವಾಗುತ್ತದೆ, ಕತ್ತರಿ ಹಾಕಿದರೂ ಬೇಸರವಿಲ್ಲ, ಆದರೆ ಆಟದ ಮೈದಾನದ ಭಾಗ ಮಾತ್ರ ದಯವಿಟ್ಟು ಹಾಗೇ ಉಳಿಸಿ.

ಮೊದಲು ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ. ಬಸ್ಸಿನಿಂದ ಇಳಿದ ಹತ್ತು ನಿಮಿಷಕ್ಕೆ ನಮ್ಮ ಮುಂದೆ ಒಂದು ದೊಡ್ಡ ಹಾಸುಬಂಡೆ ಇತ್ತು. ಅದರ ಮೈತುಂಬಾ ಕಪ್ಪು ಬಿಳಿ ಪಟ್ಟೆ, ಕೆಲವು ಕಡೆ ನೇರ, ಕೆಲವು ಕಡೆ ಹಾವಿನ ಹಾಗೆ ಬಳುಕಿದ್ದವು. ನಮ್ಮ ಜೊತೆ ಬಂದಿದ್ದ ಭೂವಿಜ್ಞಾನಿ ಮೇಡಂ "ಇದು ಯಾವ ಬಗೆಯ ಶಿಲೆ?" ಅಂತ ಕೇಳಿದರು. ನಾನು ಮುಂದೆಯೇ ನಿಂತಿದ್ದೆ. ಪದವಿಯಲ್ಲಿ ಒಳ್ಳೆಯ ಅಂಕ ತೆಗೆದವಳು ಬೇರೆ. "ಪದರುಶಿಲೆ ಮೇಡಂ" ಅಂದೆ. "ಹೇಗೆ ಹೇಳ್ತೀರಿ?" "ಪದರ ಕಾಣಿಸ್ತಿದೆಯಲ್ಲ ಮೇಡಂ." ಅವರು ನಗಲಿಲ್ಲ. ಕೊರಳಲ್ಲಿ ನೇತಾಡುತ್ತಿದ್ದ ಲೆನ್ಸ್ ತೆಗೆದು ನನ್ನ ಕೈಗೆ ಕೊಟ್ಟು, ಬಿಳಿ ಪಟ್ಟೆಯಲ್ಲಿ ಏನಿದೆ ನೋಡಿ ಹೇಳಿ ಅಂದರು.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಲೆನ್ಸ್ ಅದು. ಹಿಡಿಯುವುದಕ್ಕೂ ಒಂದು ಕ್ರಮ ಇದೆ, ನನಗೆ ಗೊತ್ತಿರಲಿಲ್ಲ. ಲೆನ್ಸನ್ನು ಕಣ್ಣಿಗೆ ಅಂಟಿದ ಹಾಗೆ ಹಿಡಿದು, ಆಮೇಲೆ ನಾವೇ ಕಲ್ಲಿನ ಹತ್ತಿರ ಹೋಗಬೇಕು. ಸಿನಿಮಾ ಪತ್ತೇದಾರರ ಹಾಗೆ ತೋಳುದ್ದ ದೂರ ಹಿಡಿದರೆ ಏನೂ ಕಾಣುವುದಿಲ್ಲ. ಮಂಡಿಯೂರಿ, ಮೂಗು ಬಂಡೆಗೆ ತಾಗುವಷ್ಟು ಬಗ್ಗಿದೆ. ಮರಳಿನ ಕಣ ಹುಡುಕಿದೆ. ಒಂದೂ ಇಲ್ಲ. ಮರಳುಗಲ್ಲಾಗಿದ್ದರೆ ಸವೆದು ದುಂಡಾದ ಕಣಗಳು ಒಂದಕ್ಕೊಂದು ಅಂಟಿಕೊಂಡು ಕೂತಿರಬೇಕಿತ್ತು. ಇಲ್ಲಿ ಹರಳುಗಳು ಒಂದರೊಳಗೊಂದು ಹಲ್ಲು ಕಚ್ಚಿದ ಹಾಗೆ ಹೆಣೆದುಕೊಂಡಿದ್ದವು. ಗಾಜಿನ ಚೂರಿನಂತೆ ಬೂದು ಬಣ್ಣದ್ದು ಬೆಣಚು. ಹಾಲುಬಿಳುಪಿನ, ಬಿಸಿಲಿಗೆ ತಿರುಗಿಸಿದರೆ ಚಪ್ಪಟೆ ಮುಖ ಹೊಳೆಯುವಂಥದ್ದು ಫೆಲ್ಡ್‌ಸ್ಪಾರ್. ಕಪ್ಪು ಪಟ್ಟೆಯಲ್ಲಿ ಮಿನುಗುತ್ತಿದ್ದ ಸಣ್ಣ ಸಣ್ಣ ಹಾಳೆಗಳು ಅಭ್ರಕ, ಅಂದರೆ ಕಾಗೆಬಂಗಾರ. ಆ ಹಾಳೆಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು.

ನೀರಿನ ತಳದಲ್ಲಿ ಮಣ್ಣು ಮರಳು ಕೂತು ಆದ ಪದರ ಆಗಿರಲಿಲ್ಲ ಅದು. ಭೂಮಿಯ ಆಳದಲ್ಲಿ ಬಿಸಿಗೂ ಒತ್ತಡಕ್ಕೂ ಸಿಕ್ಕಿ, ಪೂರ್ತಿ ಕರಗದೆ ಗಟ್ಟಿಯಾಗಿದ್ದಂತೆಯೇ ಹರಳುಗಳು ಹೊಸದಾಗಿ ಬೆಳೆದು, ಕಪ್ಪು ಬೇರೆ ಬಿಳಿ ಬೇರೆ ಸಾಲುಗಟ್ಟಿದ್ದು. ನೈಸ್ ಅಂತ ಹೆಸರು. ರೂಪಾಂತರ ಶಿಲೆ. ಹೈಸ್ಕೂಲಿನಿಂದ ಇಲ್ಲಿಯವರೆಗೆ ಎಷ್ಟು ಸಲ "ರೂಪಾಂತರ ಶಿಲೆಗೆ ಉದಾಹರಣೆ: ನೈಸ್" ಅಂತ ಬರೆದು ಅಂಕ ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ. ಅದೇ ನೈಸ್ ಮೇಲೆ ನಿಂತುಕೊಂಡು ಪದರುಶಿಲೆ ಅಂದುಬಿಟ್ಟೆ!

ಈ ಪ್ರವಾಸ ಇಲ್ಲದೆ ನೇರ ಶಾಲೆಗೆ ಹೋಗಿದ್ದರೆ ಏನಾಗುತ್ತಿತ್ತು? ಯಾವುದೋ ಮಗು ಪಟ್ಟೆ ಪಟ್ಟೆ ಕಲ್ಲೊಂದನ್ನು ತಂದು ತೋರಿಸುತ್ತಿತ್ತು. ನಾನು ಧೈರ್ಯವಾಗಿ ತಪ್ಪು ಹೇಳುತ್ತಿದ್ದೆ. ಮಗು ನಂಬುತ್ತಿತ್ತು. ಸ್ಲೈಡ್ ನೋಡಿ ಕಲಿತರೆ ಈ ತಪ್ಪು ಸಿಕ್ಕಿಬೀಳುವುದೇ ಇಲ್ಲ, ಯಾಕಂದ್ರೆ ಸ್ಲೈಡಿನ ಕೆಳಗೆ ಹೆಸರು ಬರೆದಿರುತ್ತಾರೆ. ಬಂಡೆ ಮೇಲೆ ಯಾರೂ ಬರೆದಿರುವುದಿಲ್ಲ. (ಪ್ರೇಮಿಗಳು ಬರೆದಿರುತ್ತಾರೆ, ಅದು ಬೇರೆ ಮಾತು.)

ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಅದೇ ಪಟ್ಟೆ ಬಂಡೆಯನ್ನು ಅಡ್ಡಡ್ಡ ಸೀಳಿಕೊಂಡು, ಗೋಡೆ ಕಟ್ಟಿದ ಹಾಗೆ, ಒಂದು ಕಪ್ಪು ಕಲ್ಲು ಹೋಗಿತ್ತು. ಇಬ್ಬರು ಕೈ ಚಾಚಿ ನಿಂತರೆ ಎಷ್ಟೋ ಅಷ್ಟು ಅಗಲ. ಇದಕ್ಕೆ ಡೈಕ್ ಅನ್ನುತ್ತಾರೆ. ಬಂಡೆ ಬಿರುಕು ಬಿಟ್ಟಾಗ ಕೆಳಗಿನಿಂದ ಶಿಲಾಪಾಕ, ಅಂದರೆ ಕರಗಿದ ಕಲ್ಲು, ನುಗ್ಗಿ ಬಂದು ಅಲ್ಲೇ ಗಟ್ಟಿಯಾಗಿದ್ದು. ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಇವೆರಡರಲ್ಲಿ ಯಾವುದು ಹಿರಿಯದು?" ನಮಗೆ ಯಾರಿಗೂ ವಯಸ್ಸು ಗೊತ್ತಿಲ್ಲ, ಎಲ್ಲರೂ ಫೋನ್ ತೆಗೆದೆವು. ನೆಟ್‌ವರ್ಕ್ ಇರಲಿಲ್ಲ, ಒಳ್ಳೆಯದೇ ಆಯಿತು. ಕೊನೆಗೆ ಹಿಂದೆ ನಿಂತಿದ್ದ, ತರಗತಿಯಲ್ಲಿ ಬಾಯಿ ಬಿಡದ ನನ್ನ ಗೆಳತಿ ಹೇಳಿದಳು: "ಬಟ್ಟೆನೇ ಇಲ್ಲದೆ ಹರಿಯೋಕಾಗುತ್ತಾ?" ಅಷ್ಟೇ ತರ್ಕ. ಸೀಳಿಸಿಕೊಂಡದ್ದು ಮೊದಲೇ ಇರಬೇಕು, ಸೀಳಿದ್ದು ಆಮೇಲೆ ಬಂದಿರಬೇಕು. ಯಾವ ಯಂತ್ರವೂ ಬೇಡ, ಆರನೇ ತರಗತಿಯ ಮಗುವೂ ಮಾಡಬಹುದಾದ ಪತ್ತೇದಾರಿ.

ಆಮೇಲೆ ಆ ಡೈಕಿನ ಅಂಚಿನಿಂದ ನಡುವಿನವರೆಗೆ ಲೆನ್ಸ್ ಹಿಡಿದು ತೆವಳಿ ಅಂದರು. ತೆವಳಿದೆವು. ಅಂಚಿನಲ್ಲಿ ಕಲ್ಲು ನುಣ್ಣಗೆ, ಬರೀ ಕಪ್ಪು, ಲೆನ್ಸ್ ಇಟ್ಟರೂ ಹರಳು ಕಾಣುವುದಿಲ್ಲ. ಒಂದೊಂದು ಗೇಣು ಒಳಗೆ ಹೋದಂತೆ ಚುಕ್ಕಿ ಚುಕ್ಕಿಯಾಗಿ ಹರಳು ಶುರು, ನಡುವಿಗೆ ಬಂದರೆ ಬರಿಗಣ್ಣಿಗೇ ಕಾಣುತ್ತದೆ. ಅಂಚು ತಣ್ಣನೆಯ ಬಂಡೆಗೆ ತಾಗಿಕೊಂಡಿದ್ದರಿಂದ ಬೇಗ ಆರಿತು, ಹರಳು ಬೆಳೆಯೋಕೆ ಸಮಯ ಸಿಗಲಿಲ್ಲ. ನಡುವಿನ ಭಾಗ ನಿಧಾನವಾಗಿ ತಣಿಯಿತು, ಹರಳು ದೊಡ್ಡದಾಯಿತು. "ನಿಧಾನವಾಗಿ ತಣಿದರೆ ಹರಳು ದೊಡ್ಡದು, ಬೇಗ ತಣಿದರೆ ಚಿಕ್ಕದು" ಅನ್ನುವ ಸಾಲನ್ನು ನಾನು ಉರು ಹೊಡೆದಿದ್ದೆ. ಅದೇ ಸಾಲು ಅವತ್ತು ನನ್ನ ಮೊಣಕೈ ಕೆಳಗೆ, ನಾಲ್ಕು ಹೆಜ್ಜೆಯೊಳಗೆ ಬಿದ್ದುಕೊಂಡಿತ್ತು. ಅಂದ ಹಾಗೆ, ಅಂಗಡಿಗಳಲ್ಲಿ ಕಪ್ಪು ಗ್ರಾನೈಟ್ ಅಂತ ಮಾರುವ ಕಲ್ಲು ಹೆಚ್ಚಾಗಿ ಗ್ರಾನೈಟೇ ಆಗಿರುವುದಿಲ್ಲ, ಇಂಥ ಡಾಲರೈಟ್ ಇಲ್ಲವೇ ಗ್ಯಾಬ್ರೋ ಆಗಿರುತ್ತದೆ. ವ್ಯಾಪಾರದ ಹೆಸರು ಬೇರೆ, ವಿಜ್ಞಾನದ ಹೆಸರು ಬೇರೆ. ಇದನ್ನು ಕೇಳಿ ನಮ್ಮಲ್ಲಿ ಒಬ್ಬನಿಗೆ ತುಂಬಾ ಬೇಜಾರಾಯಿತು, ಅವರ ಮನೆಯಲ್ಲಿ ಆಗಷ್ಟೇ ಹಾಕಿಸಿದ್ದರಂತೆ.

ಈ "ಯಾವುದು ಮೊದಲು" ಅನ್ನುವ ಪ್ರಶ್ನೆ ಚಿಲ್ಲರೆ ಪ್ರಶ್ನೆ ಅಂತ ಯಾರಿಗಾದರೂ ಅನಿಸಿದರೆ ಸ್ಕಾಟ್ಲೆಂಡಿನ ಭೂವಿಜ್ಞಾನಿ ಜೇಮ್ಸ್ ಹಟನ್ ಕಥೆ ಹೇಳುತ್ತೇನೆ. 1788ರಲ್ಲಿ ಈತ ಇಬ್ಬರು ಗೆಳೆಯರನ್ನು, ಜಾನ್ ಪ್ಲೇಫೇರ್ ಮತ್ತು ಜೇಮ್ಸ್ ಹಾಲ್ ಅವರನ್ನು, ದೋಣಿಯಲ್ಲಿ ಕೂರಿಸಿಕೊಂಡು ಸ್ಕಾಟ್ಲೆಂಡಿನ ಕರಾವಳಿಯ ಸಿಕ್ಕರ್ ಪಾಯಿಂಟ್ ಅನ್ನುವ ಜಾಗಕ್ಕೆ ಹೋದ. ಅಲ್ಲಿ ಕೆಳಗಿನ ಬಂಡೆಯ ಪದರಗಳು ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನೆಟ್ಟಗೆ ನಿಂತಿವೆ. ಅವುಗಳ ತಲೆ ಸವೆದಿದೆ. ಆ ಸವೆದ ತಲೆಯ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಹೆಚ್ಚುಕಡಿಮೆ ಮಲಗಿದ ಹಾಗೆ ಕೂತಿವೆ. ಪದರ ಕೂರುವಾಗ ಮಟ್ಟಸವಾಗಿಯೇ ಕೂರುತ್ತದೆ, ಕೆಳಗಿನದು ಹಳೆಯದು ಮೇಲಿನದು ಹೊಸದು ಅಂತ ನಿಕೋಲಸ್ ಸ್ಟೆನೋ 1669ರಲ್ಲೇ ಹೇಳಿದ್ದ. ಹಾಗಾದರೆ ಇಲ್ಲಿ ಏನೇನು ನಡೆದಿರಬೇಕು ಲೆಕ್ಕ ಹಾಕಿ. ಮೊದಲು ಸಮುದ್ರದ ತಳದಲ್ಲಿ ಪದರ ಕೂತು ಕಲ್ಲಾಗಬೇಕು. ಅದು ಮಡಚಿ ಎದ್ದು ನಿಲ್ಲಬೇಕು. ನೀರಿನಿಂದ ಮೇಲೆ ಬಂದು ಮಳೆ ಗಾಳಿಗೆ ಸವೆಯಬೇಕು. ಅದರ ಮೇಲೆ ಮತ್ತೆ ಮರಳು ಬಂದು ಕೂತು ಮತ್ತೆ ಕಲ್ಲಾಗಬೇಕು. ಅದೂ ಸ್ವಲ್ಪ ವಾಲಬೇಕು. ಯುರೋಪಿನಲ್ಲಿ ತುಂಬಾ ಜನ ಭೂಮಿಗೆ ಸುಮಾರು 6,000 ವರ್ಷ ಅಂತ ನಂಬಿದ್ದ ಕಾಲ ಅದು. ಈ ಕೆಲಸ 6,000 ವರ್ಷದಲ್ಲಿ ಮುಗಿಯುವಂಥದ್ದೇ ಅಲ್ಲ. ಅದನ್ನು ನೋಡಿ ತಲೆ ತಿರುಗಿದ ಹಾಗಾಯಿತು ಅಂತ ಪ್ಲೇಫೇರ್ ಆಮೇಲೆ ಬರೆದ. ಎರಡು ಬಂಡೆಗಳ ನಡುವಿನ ಅಂತರ ಸುಮಾರು 6.5 ಕೋಟಿ ವರ್ಷ ಅಂತ ನಮಗೆ ಈಗ ಗೊತ್ತು. ಹಟನ್‌ಗೆ ಆ ಸಂಖ್ಯೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಅಲ್ಲಿ ಹೋಗಿ ನಿಂತು ನೋಡುವುದು.

ಅದೂ ಒಂದು ದಿನದ ಪ್ರವಾಸವೇ ಅಲ್ವಾ?

ಈಗ ಮೈದಾನದ ವಿಷಯ. ಭೂಮಿಗೆ 454 ಕೋಟಿ ವರ್ಷ ಅಂತ ಪುಸ್ತಕದಲ್ಲಿದೆ, ಮಕ್ಕಳು ಬರೆಯುತ್ತಾರೆ, ನಾವೂ ಬರೆದಿದ್ದೇವೆ. ಆ ಸಂಖ್ಯೆ ಯಾರ ತಲೆಯೊಳಗೂ ಇಳಿದಿರುವುದಿಲ್ಲ. ಪ್ರವಾಸದ ಕೊನೆಗೆ ಮೇಡಂ ನಮ್ಮಿಂದ ಒಂದು ಆಟ ಆಡಿಸಿದರು, ನಾನು ಅದನ್ನು ಮರುವಾರವೇ ಅಭ್ಯಾಸ ಪಾಠಕ್ಕೆ ಹೋದ ಶಾಲೆಯಲ್ಲಿ ಎಂಟನೇ ತರಗತಿಗೆ ಮಾಡಿಸಿದೆ. ನಮ್ಮ ಕೋಟಿ ಲೆಕ್ಕಕ್ಕೆ ಹೇಳಿ ಮಾಡಿಸಿದ ಆಟ ಇದು. 1 ಮೀಟರ್ ಅಂದರೆ 1 ಕೋಟಿ ವರ್ಷ. ಆಗ 1 ಸೆಂಟಿಮೀಟರ್ 1 ಲಕ್ಷ ವರ್ಷ, 1 ಮಿಲಿಮೀಟರ್ 10,000 ವರ್ಷ. ಭೂಮಿಯ ಇಡೀ ಕಥೆ 454 ಮೀಟರ್. ಓಟದ ಟ್ರ್ಯಾಕ್ ಒಂದು ಸುತ್ತಿಗೆ 400 ಮೀಟರ್ ಇರುತ್ತದಲ್ಲ, ಒಂದು ಸುತ್ತು ಮುಗಿಸಿ ಇನ್ನೂ 54 ಮೀಟರ್ ನಡೆದರೆ ಇವತ್ತಿಗೆ ಬಂದು ನಿಲ್ಲುತ್ತೀರಿ.

ನಡೆಯೋಣ. 14 ಮೀಟರ್ ಹೋದರೆ ಭೂಮಿಯಲ್ಲಿ ಇಲ್ಲಿಯವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಖನಿಜದ ಚೂರು ಸಿಗುತ್ತದೆ, ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಹರಳು, ಸುಮಾರು 440 ಕೋಟಿ ವರ್ಷದ್ದು. 104 ಮೀಟರ್ ಹತ್ತಿರ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಕಲ್ಲುಗಳು. 214 ಮೀಟರ್ ಹತ್ತಿರ, ಅರ್ಧ ಸುತ್ತು ದಾಟಿದ ಮೇಲೆ, ಗಾಳಿಯಲ್ಲಿ ಆಮ್ಲಜನಕ ಏರುವುದಕ್ಕೆ ಶುರು. ಆಮೇಲೆ ನಡೆಯುತ್ತಲೇ ಇರಬೇಕು, ಮಕ್ಕಳಿಗೆ ಬೇಜಾರು ಶುರುವಾಗುತ್ತದೆ, "ಮಿಸ್, ಡೈನೋಸಾರ್ ಯಾವಾಗ?" ಅಂತ ಪ್ರಾಣ ತಿನ್ನುತ್ತಾರೆ. ತಿನ್ನಲಿ, ಆ ಬೇಜಾರೇ ಪಾಠ. ಪೂರ್ತಿ ಒಂದು ಸುತ್ತು ಮುಗಿದು ಹೊರಟ ಜಾಗಕ್ಕೇ ವಾಪಸ್ ಬಂದಾಗ, 400ನೇ ಮೀಟರಿನಲ್ಲಿ, ಕೇಂಬ್ರಿಯನ್ ಯುಗ. ಚಿಪ್ಪು, ಗಟ್ಟಿ ಕವಚ ಇರುವ ಪ್ರಾಣಿಗಳು ತುಂಬಿಕೊಳ್ಳುವುದು ಇಲ್ಲಿಂದ. ಇನ್ನು 23 ಮೀಟರ್ ಉಳಿದಿರುವಾಗ ಡೈನೋಸಾರ್ ಬರುತ್ತವೆ, ಮಕ್ಕಳು ಕುಣಿಯುತ್ತಾರೆ. 6.6 ಮೀಟರ್ ಉಳಿದಿರುವಾಗ ಹಕ್ಕಿಗಳನ್ನು ಬಿಟ್ಟು ಉಳಿದ ಡೈನೋಸಾರ್‌ಗಳ ಕಥೆ ಮುಗಿಯುತ್ತದೆ. ನಮ್ಮಂಥ ಮನುಷ್ಯ (ಹೋಮೋ ಸೇಪಿಯನ್ಸ್) ಕೊನೆಯ 3 ಸೆಂಟಿಮೀಟರ್. ಬರವಣಿಗೆ ಹುಟ್ಟಿದ್ದು ಕೊನೆಯ ಅರ್ಧ ಮಿಲಿಮೀಟರ್. ಒಬ್ಬ ಹುಡುಗ ನೆಲಕ್ಕೆ ಸ್ಕೇಲ್ ಇಟ್ಟು ಆ ಅರ್ಧ ಮಿಲಿಮೀಟರ್ ಹುಡುಕುತ್ತಿದ್ದ. ಬೆಲ್ ಹೊಡೆದರೂ ಏಳಲಿಲ್ಲ.

ಇನ್ನೊಂದು ಹುಡುಗಿ ಕೇಳಿದ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. "454 ಅಂತ ಯಾರು ಎಣಿಸಿದ್ರು ಮಿಸ್?" ಪ್ರವಾಸದ ದಿನ ಇದೇ ಪ್ರಶ್ನೆ ನಾವೂ ಕೇಳಿದ್ದರಿಂದ ನನ್ನ ಹತ್ತಿರ ಉತ್ತರ ಇತ್ತು. 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಅನ್ನುವ ವಿಜ್ಞಾನಿ ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಅಳೆದು 455 ಕೋಟಿ ವರ್ಷ ಅಂತ ಲೆಕ್ಕ ಕೊಟ್ಟರು. ಯುರೇನಿಯಂ ಗೊತ್ತಿರುವ ವೇಗದಲ್ಲಿ ಸೀಸವಾಗುತ್ತಾ ಹೋಗುತ್ತದೆ, ಅದೇ ಗಡಿಯಾರ. ಅಳೆಯಲು ಹೋದಾಗ ಅವರ ಪ್ರಯೋಗಾಲಯದಲ್ಲಿ ಎಲ್ಲಿ ನೋಡಿದರೂ ಹೊರಗಿನ ಸೀಸ, ಧೂಳಲ್ಲಿ, ಗಾಳಿಯಲ್ಲಿ. ಅದನ್ನು ಒರೆಸಿ ಒರೆಸಿ ಸಾಕಾಗಿ, ಇದು ಬರುತ್ತಿರುವುದು ಎಲ್ಲಿಂದ ಅಂತ ಹುಡುಕುತ್ತಾ ಹೋದವರು ಕೊನೆಗೆ ಪೆಟ್ರೋಲಿಗೆ ಸೀಸ ಬೆರೆಸುವುದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕಲ್ಲಿನ ವಯಸ್ಸು ಕೇಳಲು ಹೋಗಿ ನಮ್ಮ ಉಸಿರಿನ ಗಾಳಿಗೆ ಬಂದು ಮುಟ್ಟಿದ ಕಥೆ. ತರಗತಿ ಪಿನ್‌ಡ್ರಾಪ್ ಸೈಲೆಂಟ್ ಆಗಿತ್ತು, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇಷ್ಟೆಲ್ಲ ಇದ್ದರೂ ಶಿಲೆಯ ಪಾಠ ಯಾಕೆ ಎರಡು ಪೀರಿಯಡ್ಡಿನಲ್ಲಿ ಮುಗಿಯುತ್ತದೆ? ನನಗೆ ಅನಿಸುವುದು, ಈ ವಿಷಯಕ್ಕೆ ಅಪ್ಪ ಅಮ್ಮ ಇಲ್ಲ. ವಿಜ್ಞಾನ ಅಂದರೆ ಭೌತ, ರಸಾಯನ, ಜೀವ ಅಷ್ಟೇ ಅಂತ ಇದ್ದಾಗ ಶಿಲೆ ಭೂಗೋಳದ ಕಡೆ ಹೋಗುತ್ತದೆ. ಭೂಗೋಳ ಹೇಳುವವರಿಗೆ ಹರಳು, ರಾಸಾಯನಿಕ ಕ್ರಿಯೆ, ವಿಕಿರಣ ಇವೆಲ್ಲ ವಿಜ್ಞಾನದವರ ಕೆಲಸ ಅನಿಸುತ್ತದೆ. ಇಬ್ಬರೂ ಇನ್ನೊಬ್ಬರು ಹೇಳುತ್ತಾರೆ ಅಂದುಕೊಳ್ಳುತ್ತಾರೆ. ನಡುವೆ ಬಿದ್ದ ಪಾಠಕ್ಕೆ ಸಿಗುವುದು ಒಂದು ಚಾರ್ಟು, ಮೂರು ಬಗೆಯ ಶಿಲೆಗಳ ಹೆಸರು, ಕೆಳಗೆ ಎರಡೆರಡು ಉದಾಹರಣೆ.

ಮಾತಿನ ಸಮಸ್ಯೆಯೂ ಇದೆ, ಇದನ್ನು ಕನ್ನಡ ಪತ್ರಿಕೆಗೇ ಹೇಳಬೇಕು. ಕಲ್ಲಿಗೆ ನಮ್ಮ ಭಾಷೆಯಲ್ಲಿ ಎಷ್ಟು ಹೆಸರು! ಬೆಣಚುಕಲ್ಲು, ಕಾಗೆಬಂಗಾರ, ಬಳಪದ ಕಲ್ಲು, ಸುಣ್ಣಕಲ್ಲು, ಮರಳುಗಲ್ಲು, ಹಾಸುಬಂಡೆ, ಗುಂಡುಕಲ್ಲು. ಮಗು ಈ ಹೆಸರುಗಳನ್ನು ಶಾಲೆಗೆ ಬರುವಾಗಲೇ ಹೊತ್ತು ತಂದಿರುತ್ತದೆ. ಎರಡು ಬೆಣಚುಕಲ್ಲನ್ನು ಕತ್ತಲಲ್ಲಿ ಜೋರಾಗಿ ಉಜ್ಜಿದರೆ ಒಳಗಿಂದ ಮಂಕು ಬೆಳಕು ಬರುವುದನ್ನು ನೋಡಿರುತ್ತದೆ. ನಾವು ತರಗತಿಗೆ ಹೋಗಿ ಅದರ ಬೆಣಚನ್ನು ಪಕ್ಕಕ್ಕೆ ತಳ್ಳಿ ಪುಸ್ತಕದ ದೊಡ್ಡ ಪದ ಬರೆಸುತ್ತೇವೆ, ತನಗೆ ಗೊತ್ತಿರುವುದು ಬೇರೆ ಪಾಠದಲ್ಲಿರುವುದು ಬೇರೆ ಅಂತ ಮಗು ಅಂದುಕೊಳ್ಳುತ್ತದೆ. ಅವತ್ತು ಕಲ್ಲುಕ್ವಾರಿಯ ಹತ್ತಿರ ಕೆಲಸಗಾರರೊಬ್ಬರು ಸಿಕ್ಕಿದ್ದರು. ಗ್ರಾನೈಟ್ ಯಾವ ಕಡೆಗೆ ಸಲೀಸಾಗಿ ಸೀಳುತ್ತದೆ, ಯಾವ ಕಡೆಗೆ ಸತಾಯಿಸುತ್ತದೆ ಅಂತ ಅಂಗೈಯಲ್ಲಿ ಸವರಿ ತೋರಿಸಿದರು. ನನಗೆ ಎಲ್ಲ ಕಡೆಯೂ ಒಂದೇ ಥರ ಕಂಡಿತು. ಕಲ್ಲಿನೊಳಗೆ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳು ಒಂದೇ ದಿಕ್ಕಿಗೆ ಹೆಚ್ಚು ಇರುವುದು ಅದಕ್ಕೆ ಕಾರಣ ಅಂತ ಮೇಡಂ ಹೇಳಿದರು. ಇಬ್ಬರೂ ಒಂದೇ ಕಲ್ಲಿನ ಬಗ್ಗೆ ಮಾತಾಡುತ್ತಿದ್ದರು, ಇಬ್ಬರ ಮಾತೂ ಸರಿಯಾಗಿತ್ತು. ನಾನು ನೋಟ್ಸಿನಲ್ಲಿ ಎರಡನ್ನೂ ಬರೆದುಕೊಂಡೆ.

ಪ್ರವಾಸದಲ್ಲಿ ಎಲ್ಲ ಸರಿಯಿತ್ತು ಅಂತ ಹೇಳುವುದಿಲ್ಲ. ಅರ್ಧ ಜನ ಪಿಕ್ನಿಕ್ ಅಂದುಕೊಂಡೇ ಬಂದಿದ್ದರು, ಮೊದಲ ಒಂದು ಗಂಟೆ ಸೆಲ್ಫಿಗೇ ಹೋಯಿತು. ಕಲ್ಲಿನ ಫೋಟೋ ತೆಗೆದವರೂ ಪಕ್ಕದಲ್ಲಿ ಅಳತೆಗೆ ಪೆನ್ನೋ ಸ್ಕೇಲೋ ಇಡಲಿಲ್ಲ, ಈಗ ನೋಡಿದರೆ ಅದು ಬೆಟ್ಟವೋ ಅಂಗೈಯಗಲದ ಕಲ್ಲೋ ಗೊತ್ತಾಗುವುದಿಲ್ಲ. ಕೆಲವರು ಹಿಂದಿನ ತಂಡದವರ ವರದಿ ತಂದು ಮನೆಯಲ್ಲೇ ನಕಲು ಮಾಡಿಟ್ಟುಕೊಂಡು ಬಂದಿದ್ದರು, ಆ ವರದಿಯಲ್ಲಿದ್ದ ಒಂದು ಜಾಗಕ್ಕೆ ನಾವು ಹೋಗಲೇ ಇಲ್ಲ! ನಾನೂ ಒಂದು ತಪ್ಪು ಮಾಡಿದೆ. ಸುತ್ತಿಗೆ ಕೈಗೆ ಸಿಕ್ಕ ಉತ್ಸಾಹದಲ್ಲಿ ಬಂಡೆಗೇ ಒಂದೇಟು ಹಾಕಿದೆ. ಚಕ್ಕೆ ಹಾರಿ ಕಿವಿಯ ಪಕ್ಕದಲ್ಲೇ ಹೋಯಿತು. ಕನ್ನಡಕ ಹಾಕಿರಲಿಲ್ಲ. ಮೇಡಂ ಅವತ್ತು ಬೈದದ್ದು ಅದೊಂದೇ ಸಲ. ಕಣ್ಣಿಗೆ ರಕ್ಷಣೆ ಇಲ್ಲದೆ ಸುತ್ತಿಗೆ ಎತ್ತಬಾರದು, ನಿಂತ ಬಂಡೆಯನ್ನು ಒಡೆಯಬಾರದು, ಕೆಳಗೆ ಬಿದ್ದ ಚೂರುಗಳೇ ಬೇಕಾದಷ್ಟಿವೆ, ಮುಂದಿನ ವರ್ಷ ಬರುವವರಿಗೂ ಆ ಬಂಡೆ ಇರಬೇಕಲ್ಲ ಅಂದರು. ಮುಂದಿನ ವರ್ಷ ಬರುವವರೇ ಇಲ್ಲ ಅಂತ ಆಗ ಅವರಿಗೂ ಗೊತ್ತಿರಲಿಲ್ಲ.

ವಿರೋಧ ಹೇಳುವವರ ಮಾತಿನಲ್ಲಿ ಹುರುಳಿಲ್ಲ ಅಂತಲ್ಲ. ಕ್ವಾರಿಯ ಗೋಡೆ ಕೆಳಗೆ, ರಸ್ತೆಗಾಗಿ ಕಡಿದ ಗುಡ್ಡದ ಬುಡದಲ್ಲಿ ಜನರನ್ನು ನಿಲ್ಲಿಸುವುದು ಅಪಾಯ, ಮೇಲಿಂದ ಕಲ್ಲು ಉರುಳಬಹುದು. ಅದಕ್ಕೇ ಮೊದಲೇ ಒಬ್ಬರು ಹೋಗಿ ಜಾಗ ನೋಡಿ ಬರಬೇಕು, ಮಳೆ ಬಿದ್ದ ಮರುದಿನ ಹೋಗಬಾರದು, ಹೆಲ್ಮೆಟ್ ಬೇಕು. ಎಲ್ಲರೂ ಗುಡ್ಡ ಹತ್ತಲಾರರು ಅನ್ನುವುದೂ ನಿಜ. ನಮ್ಮಲ್ಲಿ ಒಬ್ಬಳಿಗೆ ನಡೆಯುವುದು ಕಷ್ಟ. ಅವಳಿಗಾಗಿ ಮೇಡಂ ಮೊದಲ ನಿಲ್ದಾಣವನ್ನೇ ರಸ್ತೆ ಪಕ್ಕದಲ್ಲಿ ಆರಿಸಿದ್ದರು, ಉಳಿದ ಜಾಗದ ಬಿದ್ದ ಚೂರುಗಳನ್ನು ನಾವು ತಂದು ಅವಳ ಮುಂದೆ ಇಟ್ಟೆವು. ನಮ್ಮ ತಂಡದಲ್ಲಿ ಅತ್ಯಂತ ಒಳ್ಳೆಯ ಚಿತ್ರಗಳು ಅವಳ ನೋಟ್‌ಬುಕ್ಕಿನಲ್ಲಿವೆ, ಯಾಕಂದ್ರೆ ಅವಳೊಬ್ಬಳೇ ಒಂದೇ ಕಲ್ಲನ್ನು ಅರ್ಧ ಗಂಟೆ ನೋಡಿದ್ದು.

ಹತ್ತಿರದಲ್ಲಿ ಬಂಡೆಯೇ ಇಲ್ಲ ಅನ್ನುವವರಿಗೆ ಮಾತ್ರ ನನ್ನ ಹತ್ತಿರ ಕನಿಕರ ಇಲ್ಲ. ಹೊಳೆ ಇದ್ದರೆ ಸಾಕು. ಮೇಲ್ಗಡೆಯ ಕಲ್ಲು ಮೂಲೆ ಮೂಲೆಯಾಗಿ ಚೂಪಾಗಿರುತ್ತದೆ, ಕೆಳಗೆ ಹೋದಂತೆ ದುಂಡಗಾಗುತ್ತದೆ. ಮರಳಲ್ಲಿ ಬೆಣಚೇ ಯಾಕೆ ಜಾಸ್ತಿ ಅಂತ ಕೇಳಿ: ಫೆಲ್ಡ್‌ಸ್ಪಾರ್ ನೀರಿಗೆ ಸಿಕ್ಕಿ ನಿಧಾನವಾಗಿ ಜೇಡಿಯಾಗುತ್ತದೆ, ಬೆಣಚು ಹಠಮಾರಿ, ಹಾಗೇ ಉಳಿಯುತ್ತದೆ. ಹೊಳೆಯೂ ಇಲ್ಲವಾ? ಕಟ್ಟಡದ ಮೆಟ್ಟಿಲು, ನೆಲದ ಹಾಸುಗಲ್ಲು, ರಸ್ತೆ ಪಕ್ಕದ ಜಲ್ಲಿ ರಾಶಿ ಇದ್ದೇ ಇರುತ್ತದೆ. ಒಂದು ಲೆನ್ಸು, ಒಂದು ಗಾಜಿನ ಚೂರು, ಸ್ವಲ್ಪ ವಿನೆಗರ್ ಇದ್ದರೆ ಅರ್ಧ ಕಲ್ಲುಗಳ ಗುಟ್ಟು ಬಿಡಿಸಬಹುದು. ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಗಡಸುತನದ ಪಟ್ಟಿಯಲ್ಲಿ ಗಾಜು ಸುಮಾರು 5.5, ಬೆಣಚು 7, ಹಾಗಾಗಿ ಬೆಣಚು ಗಾಜನ್ನು ಗೀರುತ್ತದೆ. ಅಮೃತಶಿಲೆಯಲ್ಲಿರುವ ಕ್ಯಾಲ್ಸೈಟ್ ಬರೀ 3, ಗೀರಲಾರದು, ಆದರೆ ಅದರ ಪುಡಿಗೆ ವಿನೆಗರ್ ಬಿಟ್ಟರೆ ನೊರೆ ಏಳುತ್ತದೆ. (ಹೊಳಪು ಕೊಟ್ಟ ಅಮೃತಶಿಲೆ ನೆಲದ ಮೇಲೆ ಮಾಡಬೇಡಿ. ಕಲೆ ಹೋಗುವುದಿಲ್ಲ. ಹೇಗೆ ಗೊತ್ತು ಅಂತ ಕೇಳಬೇಡಿ.)

ನಾನು ಕೇಳುತ್ತಿರುವುದು ಹೆಚ್ಚೇನಲ್ಲ. ವಿಜ್ಞಾನ ಹೇಳಲು ಹೋಗುವ ಪ್ರತಿಯೊಬ್ಬರೂ ತರಬೇತಿಯಲ್ಲಿ ಒಂದು ದಿನ, ಭೂವಿಜ್ಞಾನ ಬಲ್ಲ ಒಬ್ಬರ ಜೊತೆ, ಬಂಡೆಯ ಮುಂದೆ ನಿಲ್ಲಬೇಕು. ಹದಿನೈದು ಜನಕ್ಕಿಂತ ಜಾಸ್ತಿ ಒಂದು ಗುಂಪಿನಲ್ಲಿ ಬೇಡ, ಹಿಂದೆ ನಿಂತವರಿಗೆ ಏನೂ ಕೇಳುವುದಿಲ್ಲ. ವರದಿಯನ್ನು ಅಲ್ಲೇ, ಪೆನ್ಸಿಲ್ಲಿನಲ್ಲಿ, ಚಿತ್ರ ಬರೆದು ಮುಗಿಸಿ ಕೊಡಬೇಕು, ಆಗ ನಕಲಿನ ಕಾಟ ತಪ್ಪುತ್ತದೆ. ಬಂಡೆಯ ಹೆಸರನ್ನು ಮೊದಲೇ ಹೇಳಬಾರದು. ಇದು ಮುಖ್ಯ. ತಪ್ಪು ಹೇಳೋದಕ್ಕೆ ನಮಗೆ ಅವಕಾಶ ಬೇಕು, ಮಕ್ಕಳ ಮುಂದೆ ಹೇಳುವ ಮೊದಲು.

ಅಭ್ಯಾಸ ಪಾಠದ ಕೊನೆಯ ದಿನ ಆ ಸ್ಕೇಲ್ ಹುಡುಗ ಜೇಬಿನಿಂದ ಒಂದು ಕಲ್ಲು ತೆಗೆದು ಕೊಟ್ಟ. ಹಸಿರು ಮಿಶ್ರಿತ ಕಪ್ಪು, ಒಂದು ಬದಿ ನುಣುಪು. "ಇದೇನು ಮಿಸ್?" ಗೊತ್ತಿಲ್ಲ ಅಂದೆ. ಇಬ್ಬರೂ ಸೇರಿ ಗಾಜಿಗೆ ಗೀರಿದೆವು, ಗೀರು ಬೀಳಲಿಲ್ಲ. ಉಗುರಿನಿಂದ ಕೆರೆದೆವು, ಪುಡಿ ಬಂತು, ಬೆರಳಿಗೆ ಸೋಪಿನ ಹಾಗೆ ಜಾರಿತು. "ಬಳಪದ ಕಲ್ಲಾ ಮಿಸ್?" ಅಂದ. ಇರಬಹುದು ಅಂದೆ. ಲೆನ್ಸ್ ಅವನ ಕೈಗೆ ಕೊಟ್ಟೆ, ಅವನು ಅದನ್ನು ತೋಳುದ್ದ ದೂರ ಹಿಡಿದ.

ಇಂತಿ,
ಒಬ್ಬ ತರಬೇತಿ ಶಿಕ್ಷಕಿ